ಹೆಬ್ಬೆರಳ ಕುರ್ಚಿ

ಮಿಂಚಕ್ಕನ ಚಪ್ಪಲಿಯನ್ನು ಯಾರೋ ಬದಲಾಯಿಸುತ್ತಿದ್ದರು.

ಬೆಳಿಗ್ಗೆ ಕಾರ್ಖಾನೆಯ ಬಾಗಿಲ ಬಳಿಯ ಮರದ ಗೂಡಿನಲ್ಲಿ ಬಿಟ್ಟು ಒಳಗೆ ಹೋಗುತ್ತಿದ್ದಳು. ಸಂಜೆ ಬಂದು ನೋಡಿದರೆ ಅದೇ ಗೂಡು, ಅದೇ ಕಂದು ಪಟ್ಟಿ, ಹಿಮ್ಮಡಿಯಲ್ಲಿ ಅದೇ ಸವೆತ. ಆದರೆ ಕಾಲು ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಸಲೀಸಾಗಿ ಮೆಟ್ಟಿಕೊಂಡು ಬಂದ ಚಪ್ಪಲಿ ಸಂಜೆಯ ಹೊತ್ತಿಗೆ ಒಂದು ಅಳತೆ ಚಿಕ್ಕದಾಗಿರುತ್ತಿತ್ತು.

“ಯಾರೇ ಅದು, ದಿನಾ ನನ್ನ ಚಪ್ಪಲಿ ಜೊತೆ ಆಟ ಆಡೋರು?” ಒಂದು ಸಂಜೆ ಬಾಗಿಲಲ್ಲೇ ನಿಂತು ಕೂಗಿದಳು.

“ನಿನ್ನ ಹಳೇ ಚಪ್ಪಲಿ ಯಾರಿಗೆ ಬೇಕೇ?” ಎಂದು ಪಕ್ಕದ ಮಿಷನ್ನಿನ ಸೋಡಾಬುಡ್ಡಿ ನಕ್ಕಳು. ದಪ್ಪ ಕನ್ನಡಕದಿಂದ ಅಂಟಿಕೊಂಡ ಹೆಸರು ಅದು. “ನನಗೆ ಕಣ್ಣೇ ಸರಿಯಾಗಿ ಕಾಣಲ್ಲ. ಅಂಥಾ ನಾನೇ ಅದನ್ನ ಕಂಡ್ರೆ ಆ ಕಡೆ ದಾಟಿ ಹೋಗ್ತೀನಿ.”

ಎಲ್ಲರೂ ನಕ್ಕರು. ಮಿಂಚಕ್ಕನೂ ನಕ್ಕಳು. ಹಿಮ್ಮಡಿಯನ್ನು ಚಪ್ಪಲಿಯ ಹೊರಗೆ ನೇತಾಡಿಸಿಕೊಂಡು ಮನೆಗೆ ನಡೆದಳು.

ಅದು ಕೈಗವಸು ಹೊಲಿಯುವ ಕಾರ್ಖಾನೆ. ಬೆಂಕಿ ಮುಟ್ಟುವವರ ಕೈಗೆ, ಗಾಜು ಹೊರುವವರ ಕೈಗೆ, ಮುಳ್ಳುತಂತಿ ಎಳೆಯುವವರ ಕೈಗೆ ಅಲ್ಲಿ ಚರ್ಮದ ಗವಸು ತಯಾರಾಗುತ್ತಿತ್ತು. ಇಪ್ಪತ್ನಾಲ್ಕು ಹೆಂಗಸರು, ಒಂದೇ ಉದ್ದನೆಯ ಹಜಾರ. ಹೊಲಿದ ಗವಸುಗಳು ಮೂಲೆಯಲ್ಲಿ ರಾಶಿ ಬೀಳುತ್ತಿದ್ದವು. ಒಳಗೆ ಯಾರೂ ಇಲ್ಲದ ನೂರಾರು ಕೈಗಳು, ಬೆರಳು ಅರ್ಧ ಮಡಚಿಕೊಂಡು ಏನನ್ನೋ ಕೇಳುವಂತೆ ಬಿದ್ದಿರುತ್ತಿದ್ದವು. ಹೊಸದಾಗಿ ಸೇರಿದವರು ಮೊದಲ ವಾರ ಆ ಮೂಲೆಯನ್ನು ನೋಡುತ್ತಿರಲಿಲ್ಲ. ಆಮೇಲೆ ಅಭ್ಯಾಸವಾಗುತ್ತಿತ್ತು. ಮನುಷ್ಯರಿಗೆ ಎಂಥದ್ದೂ ಅಭ್ಯಾಸವಾಗುತ್ತದೆ. ದುಡಿಸುವವರಿಗೆ ಅದು ಚೆನ್ನಾಗಿ ಗೊತ್ತು.

ಗವಸಿನಲ್ಲಿ ಕಷ್ಟದ ಹೊಲಿಗೆ ಹೆಬ್ಬೆರಳಿನದು. ಅದನ್ನು ಬೇರೆಯಾಗಿ ಕತ್ತರಿಸಿ ಅಂಗೈಗೆ ಸುತ್ತಿ ಹೊಲಿಯಬೇಕು. ಒಂದು ಹೊಲಿಗೆ ತಪ್ಪಿದರೂ ಗವಸು ಹಾಳು. ಹಾಗಾಗಿ ಎಲ್ಲರಿಗಿಂತ ಚುರುಕು ಕೈಯವರಿಗೆ ಹೆಬ್ಬೆರಳ ಕುರ್ಚಿ ಸಿಗುತ್ತಿತ್ತು. ಉಳಿದವರದು ಬರೀ ಸ್ಟೂಲು. ಈ ಕುರ್ಚಿಗೊಂದಕ್ಕೇ ಮೆತ್ತೆ, ಒರಗು, ಪಕ್ಕದಲ್ಲಿ ಕಿಟಕಿ. ಬಲಗಡೆ ಕತ್ತರಿಸಿದ ಚರ್ಮದ ಕಟ್ಟು ತಂದಿಡಲು ಒಬ್ಬಳು, ಎಡಗಡೆ ಎತ್ತಿಕೊಂಡು ಹೋಗಲು ಒಬ್ಬಳು. ನೀರು ಕುರ್ಚಿಗೇ ಬರುತ್ತಿತ್ತು, ಚಹಾ ಕುರ್ಚಿಗೇ ಬರುತ್ತಿತ್ತು. ಊಟದ ಡಬ್ಬಿಯನ್ನು ಯಾರೋ ಒಬ್ಬರು ಬಿಚ್ಚಿ ಮಡಿಲಲ್ಲಿ ಇಡುತ್ತಿದ್ದರು. ಹೆಬ್ಬೆರಳ ಕುರ್ಚಿಯವಳು ಏಳಬಾರದು. “ನೀನು ಎದ್ದರೆ ಇಪ್ಪತ್ಮೂರು ಜನ ಕೈ ಕಟ್ಕೊಂಡು ಕೂರ್ತಾರೆ” ಎಂದು ಮೇಸ್ತ್ರಿ ಮೊದಲ ದಿನವೇ ಹೇಳುತ್ತಿದ್ದ. ಅವನು ಹೇಳಿದ್ದು ಅಷ್ಟೇ. ಅದನ್ನು ಮರ್ಯಾದೆ ಎಂದುಕೊಂಡು ನಡೆಸಿಕೊಂಡು ಬಂದವರು ಹೆಂಗಸರೇ.

ಮಿಂಚಕ್ಕನಿಗಿಂತ ಮೊದಲು ಆ ಕುರ್ಚಿಯಲ್ಲಿ ದೊಡ್ಡಕ್ಕ ಕೂತಿದ್ದಳು. ಹನ್ನೊಂದು ವರ್ಷ. ಒಂದು ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ಬೀಳುತ್ತಿದ್ದಾಗ, “ಕಾಲು ಯಾಕೋ ತುಂಬಾ ನೋಯ್ತಿದೆ ಕಣ್ರೇ, ಸ್ವಲ್ಪ ಓಡಾಡ್ತೀನಿ” ಎಂದು ಎದ್ದಳು. ನಾಲ್ಕು ಹೆಜ್ಜೆ ನಡೆದಳು. ಉಸಿರು ಸಿಕ್ಕದೆ ಬಾಯಿ ತೆರೆದಳು. ಗವಸಿನ ರಾಶಿಯ ಮೇಲೆ ಕುಸಿದಳು. ಎತ್ತಿದಾಗ ಅವಳ ಜೊತೆ ನಾಲ್ಕೈದು ಖಾಲಿ ಕೈಗಳೂ ಸೆರಗು ಹಿಡಿದುಕೊಂಡು ಎದ್ದು ಬಂದವು. ಕಾಲಲ್ಲಿ ರಕ್ತ ಗಟ್ಟಿಯಾಗಿ ಎದೆಗೆ ಹೋಗಿತ್ತು ಎಂದು ಡಾಕ್ಟರು ಅವಳ ಮಗಳಿಗೆ ಹೇಳಿದರು.

ಹಜಾರದ ಹೆಂಗಸರು ಇದರಿಂದ ಒಂದು ಪಾಠ ಕಲಿತರು. ತಪ್ಪು ಪಾಠ.

“ಕೂತಿದ್ದಷ್ಟು ದಿನ ಗಟ್ಟಿಮುಟ್ಟಾಗಿದ್ಲು. ಎದ್ಲು ನೋಡು, ಅದಕ್ಕೇ ಹೋದ್ಲು.”

“ಆ ಕುರ್ಚಿ ಬಿಡಲ್ಲ ಕಣೇ. ಎದ್ದು ಹೊರಟೋರನ್ನ ಬಿಡಲ್ಲ.”

ಹಾಗಾಗಿ ಆ ಕುರ್ಚಿ ಮಿಂಚಕ್ಕನಿಗೆ ಬಂದ ಮೇಲೆ ಅವಳನ್ನು ಇನ್ನೂ ಜೋಪಾನ ಮಾಡಿದರು. ಬಿದ್ದ ಕತ್ತರಿಯನ್ನು ಬಗ್ಗಿ ಎತ್ತಲೂ ಬಿಡುತ್ತಿರಲಿಲ್ಲ. ಅವಳು ಸ್ವಲ್ಪ ಮೇಲೆದ್ದರೆ ಸಾಕು, ಹತ್ತಾರು ಮಿಷನ್ನುಗಳು ಒಟ್ಟಿಗೇ ನಿಲ್ಲುತ್ತಿದ್ದವು. “ಏನು ಬೇಕು ಹೇಳು, ನಾವು ತರ್ತೀವಿ.” ಪ್ರೀತಿಯಿಂದಲೇ ಹೇಳುತ್ತಿದ್ದರು. ಪ್ರೀತಿಯಿಂದಲೇ ಅವಳನ್ನು ದೊಡ್ಡಕ್ಕನ ದಾರಿಗೆ ಹಚ್ಚುತ್ತಿದ್ದರು.

ಮಿಂಚಕ್ಕನಿಗೆ ನಲವತ್ಮೂರು ವರ್ಷ. ಕುರ್ಚಿಗೆ ಬಂದು ಒಂದೂವರೆ ವರ್ಷ. ಮೊದಲ ದಿನ ಮೆತ್ತೆಯ ಮೇಲೆ ಕೂತಾಗ ಅಲ್ಲೊಂದು ತಗ್ಗು ಆಗಲೇ ಇತ್ತು, ಬೇರೊಬ್ಬರ ಮೈಯ ಆಕಾರ. ಮೇಜಿನ ಕೆಳಗೆ ಕಾಲಿಡುವ ಅಡ್ಡಪಟ್ಟಿಯಲ್ಲಿ ಎರಡು ಕುಳಿಗಳು ಸವೆದಿದ್ದವು. ಒಂದು ತಿಂಗಳಲ್ಲಿ ಅವಳ ಹಿಮ್ಮಡಿಗಳು ಆ ಕುಳಿಗಳಲ್ಲಿ ಸರಿಯಾಗಿ ಕೂತವು. ಸಂಜೆ ಎದ್ದ ಮೇಲೆ ಮೆತ್ತೆ ನಿಧಾನವಾಗಿ, ಒಂದು ನಿಟ್ಟುಸಿರಿನ ಸದ್ದು ಮಾಡಿ ಮೇಲೇಳುತ್ತಿತ್ತು. ತನ್ನ ಹಿಂದೆಯೇ ಇನ್ನೊಬ್ಬರು ಎದ್ದಂತೆ ಅನ್ನಿಸುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ.

ಈಗೀಗ ಮನೆಯ ಮೆಟ್ಟಿಲಲ್ಲೂ ಅದು ಶುರುವಾಗಿತ್ತು.

ಮನೆ ಮೂರನೇ ಮಹಡಿಯಲ್ಲಿ. ಎರಡನೇ ಮಹಡಿ ದಾಟುವಾಗ ಬೆನ್ನ ಹಿಂದೆ ಯಾರೋ ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದರು. ದಪ್ಪ ಮೈಯವರ, ತುಂಬಾ ಸುಸ್ತಾದವರ ಉಸಿರು. ಒಮ್ಮೆ ಮಿಂಚಕ್ಕ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. “ಮುಂದೆ ಹೋಗಿ” ಎಂದಳು. ಯಾರೂ ಬರಲಿಲ್ಲ. ಮೆಟ್ಟಿಲು ಖಾಲಿ. ಗೋಡೆಯ ಸುಣ್ಣದ ಮೇಲೆ ಸಂಜೆ ಬಿಸಿಲು ಮಾತ್ರ. ಉಸಿರು ಇನ್ನೂ ಕೇಳುತ್ತಲೇ ಇತ್ತು.

ಗಂಡನಿಗೆ ಹೇಳಿದಳು. ಅವನು ಬಸ್ ಡ್ರೈವರು. ಬೆಳಿಗ್ಗೆ ಸೀಟಿಗೆ ಏರಿದರೆ ಸಂಜೆ ಇಳಿಯುವವನು. ಹೊಟ್ಟೆ ಸ್ಟೇರಿಂಗಿಗೆ ತಾಗುವಷ್ಟಾಗಿತ್ತು.

“ಮೆಟ್ಟಿಲಲ್ಲಿ ಯಾರೋ ಬರ್ತಾರೆ ಕಣ್ರೀ. ಚಪ್ಪಲಿನೂ ಯಾರೋ ಬದಲಾಯಿಸ್ತಿದಾರೆ.”

“ಚಪ್ಪಲಿ ಬದಲಾಯಿಸೋ ದೆವ್ವ!” ಅವನು ಗಹಗಹಿಸಿದ. “ಅದಕ್ಕೆ ಕಾಲೇ ಇರಲ್ಲ ಅಂತಾರೆ, ಚಪ್ಪಲಿ ತಗೊಂಡು ಏನು ಮಾಡುತ್ತೆ? ಹೋಗ್ಲಿ, ಅದರಲ್ಲಿ ಒಂದು ಗುರುತು ಹಾಕು. ಕಳ್ಳರಿದ್ರೆ ಸಿಕ್ಕಿಬೀಳ್ತಾರೆ.”

ಮಾತು ಸರಿ ಅನ್ನಿಸಿತು. ಮರುದಿನ ಬೆಳಿಗ್ಗೆ ಎಡಗಾಲಿನ ಪಟ್ಟಿಯ ಒಳಗೆ, ಯಾರಿಗೂ ಕಾಣದ ಕಡೆ, ಕೆಂಪು ದಾರದಿಂದ ಒಂದು ಗಂಟು ಹೊಲಿದಳು. ಸಂಜೆ ಗೂಡಿನ ಮುಂದೆ ಕೂತು ಪಟ್ಟಿ ತಿರುವಿ ನೋಡಿದಳು.

ಕೆಂಪು ಗಂಟು ಅಲ್ಲೇ ಇತ್ತು.

ಕಾಲು ತೂರಿಸಿದಳು. ಹೋಗಲಿಲ್ಲ.

ಚಪ್ಪಲಿ ಅವಳದೇ. ಹಾಗಾದರೆ ಈ ಕಾಲು ಯಾರದ್ದು?

ಗೂಡಿನ ಕೆಳಗಿನ ಸಾಲಿನಲ್ಲಿ, ಮೂಲೆಯಲ್ಲಿ, ಒಂದು ಜೊತೆ ಚಪ್ಪಲಿ ಧೂಳು ತಿನ್ನುತ್ತಾ ಬಿದ್ದಿತ್ತು. ದೊಡ್ಡಕ್ಕನದು. ಅವಳನ್ನು ಹೊತ್ತುಕೊಂಡು ಹೋದ ದಿನ ಅಲ್ಲೇ ಉಳಿದಿತ್ತು, ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಇವತ್ತು ಮಿಂಚಕ್ಕ ಕೈ ಚಾಚಿ ಅದನ್ನು ಎತ್ತಿದಳು. ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ. ಎಡಗಾಲಿನ ಪಟ್ಟಿ ತಿರುವಿದಳು.

ಒಳಗೆ, ಯಾರಿಗೂ ಕಾಣದ ಕಡೆ, ನೀಲಿ ದಾರದ ಗಂಟು ಹೊಲಿದಿತ್ತು.

ಮಿಂಚಕ್ಕ ಬರಿಗಾಲಲ್ಲಿ ಮನೆಗೆ ಬಂದಳು. ಮೂರನೇ ಮಹಡಿಯಲ್ಲಿ ನಿಲ್ಲಲಿಲ್ಲ. ಗಂಡನ ಕೈ ಹಿಡಿದು ಎಳೆದುಕೊಂಡು ನಾಲ್ಕನೇ ಮಹಡಿಗೆ ಹೋದಳು. ಅಲ್ಲಿ ಬಡಾವಣೆಯ ಆರೋಗ್ಯ ಕೇಂದ್ರದ ನರ್ಸಮ್ಮ ಇದ್ದಳು. ಬಾಗಿಲು ತೆರೆದವಳಿಗೆ ಕಂಡದ್ದು ಬೆವರಿದ ಗಂಡಹೆಂಡತಿ, ಇಬ್ಬರಿಗೂ ಮಾತಾಡಲು ಉಸಿರಿಲ್ಲ.

“ಮೊದಲು ಕೂತ್ಕೊಳ್ಳಿ.”

“ಕೂತೂ ಕೂತೂ ಹೀಗಾಗಿದೆ ನರ್ಸಮ್ಮ, ಮತ್ತೆ ಕೂರಿಸ್ಬೇಡಿ” ಎಂದಳು ಮಿಂಚಕ್ಕ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು. ಆಮೇಲೆ ಚಪ್ಪಲಿ, ಕೆಂಪು ಗಂಟು, ನೀಲಿ ಗಂಟು, ಮೆಟ್ಟಿಲ ಉಸಿರು, ಎಲ್ಲಾ ಹೇಳಿದಳು. “ದೊಡ್ಡಕ್ಕ ನನ್ನ ಕರೀತಿದಾಳೆ ಅಂತ ಕಾಣುತ್ತೆ.”

ನರ್ಸಮ್ಮ ನಗಲಿಲ್ಲ. ಆದರೂ ಒಂದು ನಿಮಿಷ ಕೂರಿಸಿ, ಮಿಂಚಕ್ಕನ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಕೊಂಡಳು. ಕಣಕಾಲಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ತೆಗೆದಳು. ಒತ್ತಿದ ಕಡೆ ಒಂದು ಗುಳಿ ಬಿತ್ತು. ತುಂಬಿಕೊಳ್ಳಲಿಲ್ಲ. ಮೂವರೂ ನೋಡುತ್ತಾ ಕೂತರು. ಆ ಗುಳಿ ನಿಧಾನವಾಗಿ, ಕುರ್ಚಿಯ ಮೆತ್ತೆಯ ಹಾಗೆ, ಮೇಲೆದ್ದಿತು.

“ಎರಡೂ ಕಾಲು ಹೀಗೇನಾ, ಒಂದೇ ಕಾಲಾ?”

“ಎರಡೂ.”

“ಮೀನಖಂಡ ನೋಯುತ್ತಾ? ಕೆಂಪಾಗಿದೆಯಾ, ಬಿಸಿ ಇದೆಯಾ? ಸುಮ್ಮನೆ ಕೂತಾಗಲೂ ಉಸಿರು ಸಿಕ್ಕಲ್ವಾ?”

“ಇಲ್ಲ. ಹತ್ತುವಾಗ ಮಾತ್ರ.”

“ಒಂದೇ ಕಾಲು ಊದಿ ನೋಯ್ತಿದ್ರೆ, ಎದೆ ಹಿಡಿದ್ರೆ, ಕೂತಲ್ಲೇ ಉಸಿರು ಕಟ್ಟಿದ್ರೆ ನನ್ನ ಹತ್ರ ಬರ್ಬೇಡಿ, ನಡೆಯೋಕೂ ಹೋಗ್ಬೇಡಿ. ಗಾಡಿ ಹಿಡಿದು ನೇರ ಆಸ್ಪತ್ರೆಗೆ ಹೋಗ್ಬೇಕು. ಇದನ್ನ ನಿಮ್ಮ ಹಜಾರದಲ್ಲಿ ಎಲ್ಲರಿಗೂ ಹೇಳಿ. ನಿಮ್ಮದು ಇನ್ನೂ ಅಲ್ಲಿಗೆ ಹೋಗಿಲ್ಲ ಅನ್ಸುತ್ತೆ. ಆದ್ರೂ ನಾಳೆ ಕೇಂದ್ರಕ್ಕೆ ಬನ್ನಿ, ಡಾಕ್ಟರು ನೋಡ್ಲಿ.” ಅವಳು ಕಾಲನ್ನು ಕೆಳಗಿಟ್ಟಳು. “ಹೃದಯ ರಕ್ತವನ್ನ ಕಾಲಿಗೆ ಇಳಿಸುತ್ತೆ. ಕಾಲಿಂದ ಮೇಲಕ್ಕೆ ತಳ್ಳೋದು ಈ ಮೀನಖಂಡ. ನಡೆದಾಗ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತೆ. ಹತ್ತು ಗಂಟೆ ಕಾಲು ಇಳಿಬಿಟ್ಟು ಕೂತ್ರೆ ಹಿಂಡೋರು ಯಾರು? ನೀರು ಅಲ್ಲೇ ನಿಲ್ಲುತ್ತೆ, ಪಾದ ಊದುತ್ತೆ. ಕೆಲವರಿಗೆ ರಕ್ತ ನಿಂತಲ್ಲೇ ಗಟ್ಟಿಯಾಗುತ್ತೆ.”

“ಮತ್ತೆ ದೊಡ್ಡಕ್ಕ ಎದ್ದಿದ್ದಕ್ಕೇ ಸತ್ತಿದ್ದು ಅಂತಾರಲ್ಲ?”

“ಅವರು ಎದ್ದಿದ್ದು ನೋವು ತಡೆಯೋಕಾಗದೆ. ರಕ್ತ ಗಡ್ಡೆ ಕಟ್ಟಿದ್ದು ಕೂತಾಗ. ಕುರ್ಚಿ ಒಂದೇ ಕೊಂದಿತು ಅಂತ ನಾನು ಹೇಳಲ್ಲ, ಮೈಯಲ್ಲಿ ಬೇರೆ ಕಾಯಿಲೆನೂ ಇದ್ದಿರಬಹುದು. ಆದ್ರೆ ದಿನಾ ಎದ್ದು ಓಡಾಡಿದ್ರೆ, ಕಾಲು ನೋವು ಶುರುವಾದಾಗಲೇ ಎದ್ದು ಆಸ್ಪತ್ರೆಗೆ ಹೋಗಿದ್ರೆ, ಇವತ್ತು ಇರ್ತಿದ್ರೇನೋ. ಇದಕ್ಕೆ ದೆವ್ವ ಬೇಡ ಮಿಂಚಕ್ಕ. ಏಳಬೇಡ ಅನ್ನೋ ಮನುಷ್ಯರೇ ಸಾಕು.”

“ಮೆಟ್ಟಿಲಲ್ಲಿ ಬರೋರು?”

“ನಾನೂ ಕೇಳಿಸ್ಕೊಂಡೆ, ಈಗ ನೀವು ಹತ್ತಿ ಬರುವಾಗ. ಅದು ನಿಮ್ಮದೇ ಉಸಿರು.”

ದೆವ್ವ ಎಂದಿದ್ದರೆ ಮಿಂಚಕ್ಕನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಡ್ರೈವರು ಕೈ ಚಾಚಿದ. “ಸರಿ ನರ್ಸಮ್ಮ, ಏನಾದ್ರೂ ಮಾತ್ರೆ ಕೊಡಿ.”

“ದಿನಾ ಅರ್ಧ ಗಂಟೆ ನಡಿಗೆ. ವಾರಕ್ಕೆ ಐದು ದಿನ. ಎರಡು ದಿನ ಕೈಕಾಲಿಗೆ ಬಲ ಬರೋ ವ್ಯಾಯಾಮ. ಡಾಕ್ಟರು ಬೇಕು ಅಂದ್ರೆ ಮಾತ್ರೆನೂ ಕೊಡ್ತಾರೆ. ಆದ್ರೆ ನಡಿಗೆ ಬದಲಿಗೆ ಮಾತ್ರೆ ಅಲ್ಲ.”

“ಒಳ್ಳೇ ಕಥೆ! ವ್ಯಾಯಾಮ ಎಲ್ಲಾ ಕೆಲಸ ಇಲ್ಲದೋರಿಗೆ. ಹತ್ತು ಗಂಟೆ ಮೈ ಮುರಿದು ಬಂದೋಳಿಗೆ ಕೈ ಎತ್ತು, ಕಾಲು ಎತ್ತು ಅಂದ್ರೆ?”

“ಮೈ ಎಲ್ಲಿ ಮುರೀತಣ್ಣ? ದುಡಿದಿದ್ದು ಎರಡು ಕೈ, ಎರಡು ಕಣ್ಣು. ಉಳಿದ ಮೈಯನ್ನ ಹತ್ತು ಗಂಟೆ ಕಟ್ಟಿ ಹಾಕಿದ್ರು. ಕಟ್ಟಿ ಹಾಕಿಸ್ಕೊಂಡೋರಿಗೂ ಸುಸ್ತಾಗುತ್ತೆ. ಸುಸ್ತಾಯ್ತು ಅಂದ್ರೆ ವ್ಯಾಯಾಮ ಆಯ್ತು ಅಂತ ಅಲ್ಲ.”

“ನಾನು ದಿನಾ ಇನ್ನೂರು ಕಿಲೋಮೀಟರ್ ಓಡ್ತೀನಿ ಗೊತ್ತಾ?”

“ಓಡೋದು ಬಸ್ಸು. ಅದಕ್ಕೆ ಹೊಟ್ಟೆ ಬಂದಿಲ್ಲ ನೋಡಿ.”

ಮಿಂಚಕ್ಕ ಅಷ್ಟು ದಿನಗಳಲ್ಲಿ ಮೊದಲ ಸಲ ಜೋರಾಗಿ ನಕ್ಕಳು. ಡ್ರೈವರು ಮುಖ ಊದಿಸಿಕೊಂಡು ಇಳಿದು ಹೋದ.

ಮರುದಿನ ಕೇಂದ್ರದಲ್ಲಿ ಡಾಕ್ಟರು ಅವಳನ್ನು ಪರೀಕ್ಷೆ ಮಾಡಿದರು. ರಕ್ತದ ಒತ್ತಡ ಹೆಚ್ಚಿತ್ತು. ಸಕ್ಕರೆ ಗಡಿಯಲ್ಲಿ ನಿಂತಿತ್ತು. ಕಾಲಲ್ಲಿ ರಕ್ತದ ಗಡ್ಡೆ ಇರಲಿಲ್ಲ. “ನಡೆಯಬಹುದು. ನಡೆಯಲೇಬೇಕು” ಎಂದರು. ಕೆಲಸದ ಅಭ್ಯಾಸಕ್ಕೆ ಮಿಂಚಕ್ಕನ ಕೊರಳಲ್ಲಿ ಸದಾ ನೇತಾಡುತ್ತಿದ್ದ ಅಳತೆಯ ಟೇಪನ್ನೇ ನರ್ಸಮ್ಮ ತೆಗೆದು ಅವಳ ಕೈಗೆ ಕೊಟ್ಟಳು. “ಊರವರ ಕೈ ಅಳೆದಿದ್ದು ಸಾಕು. ಬೆಳಿಗ್ಗೆ ಏಳ್ತಿದ್ದಂಗೆ ಒಂದ್ಸಲ, ಸಂಜೆ ಬಂದ ಮೇಲೆ ಒಂದ್ಸಲ ನಿಮ್ಮ ಕಾಲು ಅಳೀರಿ.”

ಅಳೆದಳು. ಸಂಜೆಯ ಕಣಕಾಲು ಬೆಳಗಿನದಕ್ಕಿಂತ ಒಂದು ಬೆರಳಗಲ ದಪ್ಪವಿತ್ತು. ಇಷ್ಟು ದಿನ ಪಕ್ಕದವರನ್ನು ಬೈದದ್ದು ನೆನಪಾಗಿ ನಾಚಿಕೆಯಾಯಿತು.

ನೀರಿನ ಟ್ಯಾಂಕಿನ ಸುತ್ತ ಒಂದು ಖಾಲಿ ಬಯಲಿತ್ತು. ಬೆಳಿಗ್ಗೆ ಮಂಜು ಕವಿದಾಗ ಅಲ್ಲಿ ಹತ್ತಡಿ ಆಚೆಗೆ ಏನೂ ಕಾಣುತ್ತಿರಲಿಲ್ಲ. ಮೊದಲ ದಿನ ಹತ್ತು ನಿಮಿಷ ನಡೆದಳು. ಮಂಜಿನೊಳಗೆ ಯಾರೋ ಜೊತೆಗೆ ಬರುತ್ತಿದ್ದರು. ಅವಳು ನಿಂತರೆ ನಿಲ್ಲುತ್ತಿದ್ದರು, ನಡೆದರೆ ಏದುಸಿರು ಬಿಡುತ್ತಿದ್ದರು. ಅದು ತನ್ನದೇ ಎಂದು ಗೊತ್ತಿತ್ತು. ಗೊತ್ತಿದ್ದರೂ ಕೂದಲು ನಿಮಿರುತ್ತಿತ್ತು.

“ಎಷ್ಟು ಜೋರಾಗಿ ನಡೀಬೇಕು?” ಎಂದು ನರ್ಸಮ್ಮನನ್ನು ಕೇಳಿದ್ದಳು.

“ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗಬಾರದು. ಅಷ್ಟು.”

“ನನಗೆ ಹಾಡೋಕೆ ಯಾವತ್ತೂ ಬಂದಿಲ್ಲ.”

“ಹಾಗಾದ್ರೆ ಗಂಡನ್ನ ಬೈತಾ ನಡೀರಿ. ಬೈಗುಳ ತುಂಡಾಗ್ತಿದೆ ಅನ್ಸಿದ್ರೆ ಸ್ವಲ್ಪ ನಿಧಾನ ಮಾಡಿ.”

ಎರಡನೇ ವಾರ ಹದಿನೈದು ನಿಮಿಷ. ಆಮೇಲೆ ಇಪ್ಪತ್ತು. ಗೋಡೆಗೆ ಕೈಯಿಟ್ಟು ಮೈಯನ್ನು ತಳ್ಳುವುದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ತುದಿಗಾಲಲ್ಲಿ ನಿಂತು ಇಳಿಯುವುದು, ಇಷ್ಟನ್ನು ವಾರಕ್ಕೆ ಎರಡು ದಿನ ಮನೆಯಲ್ಲೇ ಮಾಡಿದಳು. ಒಂದು ತಿಂಗಳು ಕಳೆಯುವ ಹೊತ್ತಿಗೆ ಒಳ್ಳೆ ನಿದ್ದೆ ಬರತೊಡಗಿತು. ಸುಮ್ಮಸುಮ್ಮನೆ ಬರುತ್ತಿದ್ದ ಅಳು ಕಡಿಮೆಯಾಯಿತು. ಯಾಕೆ ಅಳುತ್ತಿದ್ದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ಮೂರನೇ ಮಹಡಿ ತಲುಪಿ ಬೀಗ ತೆಗೆಯುವಾಗ ಏನೋ ಇಲ್ಲ ಅನ್ನಿಸಿತು. ನಿಂತು ಕಿವಿಗೊಟ್ಟಳು. ಹಿಂದೆ ಯಾರೂ ಇರಲಿಲ್ಲ.

ಆಗ ಕೆಳಗಿನಿಂದ ಅದು ಕೇಳಿಸಿತು.

ದಪ್ಪ ಮೈಯವರ, ಸುಸ್ತಾದವರ ಉಸಿರು. ಹೆಜ್ಜೆಗೊಂದು. ಮಿಂಚಕ್ಕ ಮೆಟ್ಟಿಲ ಕಂಬಿ ಹಿಡಿದು ಬಗ್ಗಿ ನೋಡಿದಳು. ಎರಡನೇ ಮಹಡಿಯ ತಿರುವಿನಲ್ಲಿ ಅವಳ ಗಂಡ ನಿಂತಿದ್ದ. ಅವನು ಹಿಂದೆ ತಿರುಗಿ, ಗೋಡೆಗೆ ಒತ್ತಿಕೊಂಡು, ಖಾಲಿ ಮೆಟ್ಟಿಲಿಗೆ ಹೇಳುತ್ತಿದ್ದ: “ಬನ್ನಿ, ಮುಂದೆ ಹೋಗಿ.”

“ರೀ,” ಎಂದಳು ಮೆಲ್ಲಗೆ. “ಯಾರಿಗೆ ದಾರಿ ಬಿಡ್ತಿದೀರಿ?”

ಅವನು ತಲೆ ಎತ್ತಿದ. ಮುಖ ಬಿಳುಚಿತ್ತು. ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಎದ್ದು ಹಳೇ ಬೂಟಿನ ಲೇಸು ಕಟ್ಟುತ್ತಾ ಬಾಗಿಲಲ್ಲಿ ಕೂತಿದ್ದ. “ಇನ್ನೂ ಎಷ್ಟು ಹೊತ್ತೇ?” ಎಂದು ಗೊಣಗಿದ. ಅವಳು ಅವನನ್ನು ಮೊದಲು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಆಮೇಲೆ ಬಯಲಿಗೆ.

ಆದರೆ ಕುರ್ಚಿ ಅಲ್ಲೇ ಇತ್ತಲ್ಲ. ಬೆಳಿಗ್ಗೆ ಅರ್ಧ ಗಂಟೆ ನಡೆದು ಬಂದು ಹತ್ತು ಗಂಟೆ ಕಲ್ಲಾಗಿ ಕೂತರೆ ಸಾಲದು ಎಂದು ನರ್ಸಮ್ಮ ಹೇಳಿದ್ದಳು. ಅರ್ಧ ಮುಕ್ಕಾಲು ಗಂಟೆಗೊಮ್ಮೆ ಏಳಬೇಕು. ಎರಡು ನಿಮಿಷವಾದರೂ ಸರಿ.

ಒಂದು ಮಧ್ಯಾಹ್ನ ಮಿಂಚಕ್ಕ ಮಿಷನ್ನು ನಿಲ್ಲಿಸಿ ಎದ್ದಳು.

ಇಪ್ಪತ್ಮೂರು ಮಿಷನ್ನುಗಳೂ ನಿಂತವು. ಅವಳ ಹಿಂದೆ ಮೆತ್ತೆ ನಿಟ್ಟುಸಿರಿಟ್ಟು ಮೇಲೆದ್ದದ್ದು ಹಜಾರದ ಕೊನೆಯವರೆಗೂ ಕೇಳಿಸಿತು. ಕಿಟಕಿಯ ಬಿಸಿಲು ಅವತ್ತಿನ ಹಾಗೆಯೇ ನೆಲದ ಮೇಲೆ ಬಿದ್ದಿತ್ತು.

“ಕೂತ್ಕೊಳೇ!” ಸೋಡಾಬುಡ್ಡಿ ಕೂಗಿದಳು. “ನೀರು ತಾನೇ? ನಾನು ತರ್ತೀನಿ. ನಿನಗೆ ಕೈ ಮುಗೀತೀನಿ, ಕೂತ್ಕೋ.”

ಒಂದು ಹೆಜ್ಜೆ ಇಟ್ಟಳು. ಎರಡು. ಮೂಲೆಯಲ್ಲಿ ಖಾಲಿ ಕೈಗಳು ಬೆರಳು ಮಡಚಿಕೊಂಡು ಕಾಯುತ್ತಿದ್ದವು. ಮೂರು. ಯಾರೋ ಅಳತೊಡಗಿದರು. ನಾಲ್ಕು. ದೊಡ್ಡಕ್ಕ ಬಿದ್ದದ್ದು ಇಲ್ಲೇ. ಮಿಂಚಕ್ಕ ಅಲ್ಲಿ ನಿಂತಳು. ಡಾಕ್ಟರು ಹೇಳಿದ್ದೆಲ್ಲಾ ಮರೆತು ಹೋಗಿತ್ತು. ನೆನಪಿದ್ದದ್ದು ಆ ನೀಲಿ ಗಂಟು ಮಾತ್ರ. ದೊಡ್ಡಕ್ಕನಿಗೂ ಅನುಮಾನ ಬಂದಿತ್ತು. ಆದರೆ ಹೇಳಿಕೊಳ್ಳಲು ಅವಳಿಗೆ ನಾಲ್ಕನೇ ಮಹಡಿಯಲ್ಲಿ ಒಬ್ಬ ನರ್ಸಮ್ಮ ಇರಲಿಲ್ಲ.

ಐದನೇ ಹೆಜ್ಜೆ ಇಟ್ಟಳು.

ಆರು, ಏಳು. ನೀರಿನ ಕೊಡದ ತನಕ ಹೋದಳು. ತಾನೇ ಬಗ್ಗಿಸಿಕೊಂಡು ಕುಡಿದಳು. ಲೋಟ ಹಲ್ಲಿಗೆ ತಾಗಿ ಸದ್ದು ಮಾಡಿತು.

ಮೇಸ್ತ್ರಿ ಓಡಿ ಬಂದ. “ಏನಿದು ನಾಟಕ? ಹೆಬ್ಬೆರಳು ನಿಂತ್ರೆ ಎಲ್ಲಾ ನಿಲ್ಲುತ್ತೆ ಅಂತ ಗೊತ್ತಿಲ್ವಾ?”

“ನಾನು ಹೆಬ್ಬೆರಳಲ್ಲ ಮೇಸ್ತ್ರಿ,” ಎಂದಳು ಮಿಂಚಕ್ಕ. “ಹೆಬ್ಬೆರಳು ಹೊಲಿಯೋಳು. ನನಗೆ ಉಳಿದ ಮೈಯೂ ಇದೆ.”

ಆ ಸಂಜೆ ಗೂಡಿನ ಮುಂದೆ ಅವಳು ದೊಡ್ಡಕ್ಕನ ಚಪ್ಪಲಿ ಎತ್ತಿ ನೀಲಿ ಗಂಟು ತೋರಿಸಿದಳು. ತನ್ನ ಕೆಂಪು ಗಂಟು ತೋರಿಸಿದಳು. ನರ್ಸಮ್ಮ ಹೇಳಿದ್ದನ್ನೆಲ್ಲಾ ಹೇಳಿದಳು. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಚಪ್ಪಲಿಗೆ ಕಾಲು ತೂರಿಸಿ ನೋಡಿಕೊಂಡರು. ಒಂಬತ್ತು ಜನರ ಕಾಲು ಸಲೀಸಾಗಿ ಹೋಗಲಿಲ್ಲ. ಇಷ್ಟು ದಿನ ಅವರೂ ಯಾರಿಗೂ ಹೇಳಿರಲಿಲ್ಲ. ಸೋಡಾಬುಡ್ಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. “ಡಬ್ಬಿ ತಂದು ಮಡಿಲಲ್ಲಿ ಇಡ್ತಿದ್ದೋಳು ನಾನೇ” ಎಂದಳು. “ದೊಡ್ಡಕ್ಕನ ಕಾಲಕ್ಕೂ ನಾನೇ.”

ಮರುದಿನ ಬೆಳಿಗ್ಗೆ ಮಾಲೀಕರು ತಮ್ಮ ಕೋಣೆಯ ಬಾಗಿಲು ತೆರೆದಾಗ ಹೊಸ್ತಿಲ ಮುಂದೆ ಇಪ್ಪತ್ತೈದು ಜೊತೆ ಚಪ್ಪಲಿಗಳು ಸಾಲಾಗಿ, ಮೂತಿ ಒಳಗೆ ಮಾಡಿ ನಿಂತಿದ್ದವು. ಅವುಗಳೊಳಗೆ ಯಾರೂ ಇರಲಿಲ್ಲ. ಹೆಂಗಸರು ಹತ್ತು ಮಾರು ಹಿಂದೆ, ಬರಿಗಾಲಲ್ಲಿ, ಸದ್ದಿಲ್ಲದೆ ನಿಂತಿದ್ದರು. ಎಲ್ಲಕ್ಕಿಂತ ಮುಂದಿನ ಜೊತೆಯ ಮೇಲೆ ಧೂಳಿತ್ತು.

“ಇದು ಯಾರದ್ದು?” ಎಂದರು ಮಾಲೀಕರು.

ಅವರಿಗೇ ಗೊತ್ತಾಗುವವರೆಗೂ ಎಲ್ಲರೂ ಸುಮ್ಮನೆ ಕಾದರು. ಗೊತ್ತಾದದ್ದು ಅವರ ಮುಖದಲ್ಲಿ ಕಂಡ ಮೇಲೆ ಮಿಂಚಕ್ಕ ಬಾಯಿ ತೆರೆದಳು. ಬೆಳಿಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಹತ್ತು ನಿಮಿಷ ಮಿಷನ್ನು ನಿಲ್ಲಬೇಕು. ಗಂಟೆಗೊಂದು ಸಲ ಯಾರು ಎದ್ದರೂ ಕೇಳಬಾರದು. ಹೆಬ್ಬೆರಳ ಹೊಲಿಗೆ ನಾಲ್ಕು ಜನ ಕಲಿಯಬೇಕು, ಸರದಿಯಲ್ಲಿ ಕೂರಬೇಕು.

ಒಂದು ವಾರ ಹಗ್ಗಜಗ್ಗಾಟ ನಡೆಯಿತು. ಮೇಸ್ತ್ರಿ ಗದರಿದ, ಹೆದರಿಸಿದ, ಕೊನೆಗೆ ಗೋಗರೆದ. ಹೆಂಗಸರು ದಿನಾ ಹತ್ತು ಗಂಟೆಗೆ ಸರಿಯಾಗಿ ಎದ್ದು ನಿಲ್ಲುತ್ತಿದ್ದರು. ಎಂಟನೇ ದಿನ ಮಾಲೀಕರು ಒಪ್ಪಿದರು. ದಯೆ ಬಂದು ಒಪ್ಪಿದ್ದಲ್ಲ. ಕೇಳಿದವರು ಎದ್ದು ನಿಂತಿದ್ದರು, ಅದಕ್ಕೆ ಒಪ್ಪಿದರು.

ಈಗ ಅಲ್ಲಿ ದಿನಕ್ಕೆ ಎರಡು ಸಲ ಮಿಷನ್ನು ನಿಲ್ಲುತ್ತದೆ. ನರ್ಸಮ್ಮ ಕಲಿಸಿಕೊಟ್ಟಂತೆ ಎಲ್ಲರೂ ತೋಳು ಎತ್ತುತ್ತಾರೆ, ಬೆನ್ನು ತಿರುಗಿಸುತ್ತಾರೆ, ತುದಿಗಾಲಲ್ಲಿ ನಿಂತು ಇಳಿಯುತ್ತಾರೆ, ಹಜಾರದ ಸುತ್ತ ನಡೆಯುತ್ತಾರೆ. ನಾಲ್ಕನೇ ಹೆಜ್ಜೆಯ ಜಾಗ ಬಂದಾಗ ಇವತ್ತಿಗೂ ಯಾರೂ ಮಾತಾಡುವುದಿಲ್ಲ. ದಾಟಿದ ಮೇಲೆ ಮತ್ತೆ ಹರಟೆ ಶುರು. ಮಿಂಚಕ್ಕನ ಒತ್ತಡ ಇಳಿದಿದೆ, ಸಕ್ಕರೆ ಗಡಿಯಿಂದ ಹಿಂದೆ ಸರಿದಿದೆ. ಡ್ರೈವರು ಬಸ್ಸು ನಿಂತ ಕಡೆಯೆಲ್ಲಾ ಇಳಿದು ಒಂದು ಸುತ್ತು ಹಾಕುತ್ತಾನೆ. ಪ್ರಯಾಣಿಕರು ಕೇಳಿದರೆ, “ಬಸ್ಸಿಗೆ ಹೊಟ್ಟೆ ಬಂದಿಲ್ಲ ಕಣ್ರೀ, ನನಗೆ ಬಂದಿದೆ” ಎನ್ನುತ್ತಾನೆ. ಮಿಂಚಕ್ಕನ ಚಪ್ಪಲಿ ಬೆಳಿಗ್ಗೆಯೂ ಸಂಜೆಯೂ ಒಂದೇ ಅಳತೆ.

ಈ ಕಥೆ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನ್ನು ಕೇಳುತ್ತೇನೆ. ನಿಮ್ಮ ಚಪ್ಪಲಿ ಸಂಜೆ ಬಿಗಿಯಾಗುತ್ತದೆಯೇ? ಮೆಟ್ಟಿಲು ಹತ್ತುವಾಗ ಹಿಂದೆ ಯಾರೋ ಉಸಿರು ಬಿಡುತ್ತಾರೆಯೇ? ಅವರಿಗೆ ದಾರಿ ಬಿಡಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಒತ್ತಡ, ಸಕ್ಕರೆ ನೋಡಿಸಿಕೊಳ್ಳಿ. ನಾಳೆ ಬೆಳಿಗ್ಗೆ ಹತ್ತೇ ಹತ್ತು ನಿಮಿಷ ನಡೆಯಿರಿ, ಒಬ್ಬರೇ ಹೋಗಬೇಡಿ, ಪಕ್ಕದ ಮನೆಯವರನ್ನು ಕರೆಯಿರಿ. ವಾರ ವಾರ ಹೆಚ್ಚಿಸುತ್ತಾ ಅರ್ಧ ಗಂಟೆಗೆ ಬನ್ನಿ. ನಡೆಯಲಾಗದವರು ಕೂತಲ್ಲೇ ಕೈಕಾಲು ಆಡಿಸಿ, ನಿಮಗೆ ಯಾವುದು ಸರಿ ಎಂದು ಕೇಂದ್ರದಲ್ಲಿ ಕೇಳಿ. ಕೆಲಸದ ಜಾಗದಲ್ಲಿ ಏಳಲು ಬಿಡದಿದ್ದರೆ ಒಬ್ಬರಾಗಿ ಗೊಣಗಬೇಡಿ, ಎಲ್ಲರೂ ಸೇರಿ ಕೇಳಿ. ನಿಮ್ಮ ಕೈಯನ್ನಷ್ಟೇ ಅವರು ಕೂಲಿಗೆ ಪಡೆದಿದ್ದಾರೆ. ಕಾಲು, ಎದೆ, ಉಸಿರು ನಿಮ್ಮವು.

ಈಗ, ಈ ಮಾತು ಮುಗಿಯುವ ಮೊದಲೇ, ಎದ್ದು ನಿಲ್ಲಿ. ನಿಂತಿರಾ? ಇನ್ನು ತಿರುಗಿ ನೀವು ಕೂತಿದ್ದ ಜಾಗವನ್ನು ನೋಡಿ.

ಅಲ್ಲಿ ನಿಮ್ಮದೇ ಆಕಾರದ ಒಂದು ತಗ್ಗು ಇದೆ. ಅದು ಮೆಲ್ಲಗೆ ಮೇಲೇಳುತ್ತಿದೆ. ಅದು ಪೂರ್ತಿ ಅಳಿಸಿಹೋಗುವ ತನಕ ಮತ್ತೆ ಕೂರಬೇಡಿ.